ಗುಡಿಸುವ ನಾರು, ಉಣಿಸುವ ಪಿಷ್ಟ: ಕರುಳಿನ ಆರೈಕೆಯನ್ನು ಮನೆಯ ತಟ್ಟೆಯಿಂದಲೇ ಶುರು ಮಾಡುವುದು ಹೇಗೆ?

ಅಮ್ಮ ಊರು ಬಿಟ್ಟು ನಮ್ಮ ಜೊತೆ ಇರಲು ಬೆಂಗಳೂರಿಗೆ ಬಂದು ಎರಡು ತಿಂಗಳಾಗಿತ್ತು. ಒಂದು ಬೆಳಗ್ಗೆ ತಿಂಡಿ ತಟ್ಟೆ ಪಕ್ಕಕ್ಕೆ ಸರಿಸಿ, "ಮೂರು ದಿನ ಆಯ್ತು ಕಣೋ, ಹೊಟ್ಟೆ ಕಲ್ಲಾಗಿದೆ" ಅಂದಳು. ಊರಲ್ಲಿದ್ದಾಗ ಒಂದು ದಿನವೂ ಈ ಮಾತು ಅವಳ ಬಾಯಲ್ಲಿ ಬಂದಿರಲಿಲ್ಲ. ನಾನು ಅವತ್ತೇ ಸಂಜೆ ಅಂಗಡಿಯಿಂದ ಗೋಧಿ ತೌಡಿನ ಪ್ಯಾಕೆಟ್ ತಂದೆ. ಹಾಲಿಗೆ ಮೂರು ದೊಡ್ಡ ಚಮಚ ಹಾಕಿ ಕೊಟ್ಟೆ. ಮಾರನೇ ದಿನವೂ ಕೊಟ್ಟೆ. ಮೂರನೇ ದಿನಕ್ಕೆ ಅಮ್ಮನ ಹೊಟ್ಟೆ ತಮಟೆಯ ಹಾಗೆ ಬಿಗಿದುಕೊಂಡಿತು. ರಾತ್ರಿಯೆಲ್ಲ ನಿದ್ದೆ ಇಲ್ಲ. ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಅವರು ಹೊಟ್ಟೆ ಒತ್ತಿ ನೋಡಿ ಎರಡೇ ಪ್ರಶ್ನೆ ಕೇಳಿದರು. "ಊರಲ್ಲಿ ಏನು ಊಟ ಮಾಡ್ತಿದ್ರಿ ಅಮ್ಮ? ದಿನಕ್ಕೆ ಎಷ್ಟು ನೀರು ಕುಡೀತೀರಿ?"

ಊರಲ್ಲಿ ಎರಡು ಹೊತ್ತು ಮುದ್ದೆ, ಸೊಪ್ಪಿನ ಸಾರು, ಕಾಳು. ಇಲ್ಲಿ ಬೆಳಗ್ಗೆ ಇಡ್ಲಿ, ಮಧ್ಯಾಹ್ನ ಬಿಳಿ ಅನ್ನ, ಸಂಜೆ ಬಿಸ್ಕತ್ತು, ರಾತ್ರಿ ಮತ್ತೆ ಅನ್ನ. ನೀರು ಮೂರು ಲೋಟ. ಪದೇಪದೇ ಏಳಬೇಕಾಗುತ್ತೆ ಅಂತ ಅವಳೇ ಕಡಿಮೆ ಮಾಡಿಕೊಂಡಿದ್ದಳು. ಇಷ್ಟು ಒಣಗಿದ ಹೊಟ್ಟೆಗೆ ನಾನು ಒಂದೇ ಏಟಿಗೆ ಒಣ ತೌಡು ಸುರಿದಿದ್ದೆ. ಆಮೇಲೆ ಓದಿ, ಕೇಳಿ, ಮನೆಯಲ್ಲಿ ಮಾಡಿ ನೋಡಿ ತಿಳಿದುಕೊಂಡಿದ್ದನ್ನೇ ಇಲ್ಲಿ ಹಂತಹಂತವಾಗಿ ಬರೆಯುತ್ತಿದ್ದೇನೆ.

ಮೊದಲು, ಒಳಗೆ ಏನಾಗುತ್ತದೆ?

ನಾರು ಅಂದರೆ ನಮ್ಮ ಸಣ್ಣ ಕರುಳು ಜೀರ್ಣ ಮಾಡಲಾಗದೆ ಮುಂದಕ್ಕೆ ದಾಟಿಸುವ ಸಸ್ಯದ ಭಾಗ. ಅದು ದೊಡ್ಡ ಕರುಳಿಗೆ ಹೆಚ್ಚುಕಡಿಮೆ ಹಾಗೇ ಹೋಗಿ ತಲುಪುತ್ತದೆ. ಅಲ್ಲಿ ಅದು ಮಾಡುವ ಕೆಲಸ ಎರಡು. ಒಂದು ಗುಡಿಸುವುದು, ಇನ್ನೊಂದು ಉಣಿಸುವುದು. ಮೊದಲನೆಯದು ಎಲ್ಲರಿಗೂ ಗೊತ್ತು. ಎರಡನೆಯದನ್ನು ನಾವು ಮರೆತೇ ಬಿಟ್ಟಿದ್ದೇವೆ.

ಗುಡಿಸುವ ನಾರು ಒರಟು. ಗೋಧಿ ತೌಡು, ರಾಗಿ ಹೊಟ್ಟು, ಸೊಪ್ಪಿನ ದಂಟು, ಕಾಳಿನ ಸಿಪ್ಪೆ ಈ ಜಾತಿ. ಇದು ನೀರಲ್ಲಿ ಕರಗುವುದಿಲ್ಲ. ಒರಟು ತುಣುಕುಗಳು ಕರುಳಿನ ಗೋಡೆಗೆ ತಾಗಿದಾಗ ಗೋಡೆ ನೀರು ಮತ್ತು ಲೋಳೆ ಬಿಡುತ್ತದೆ, ಮಲ ಮೆತ್ತಗಾಗಿ ಬೇಗ ಸಾಗುತ್ತದೆ. 1988ರಲ್ಲಿ ಬ್ರಿಟನ್ನಿನ ಇಬ್ಬರು ಸಂಶೋಧಕರು ಒಂದು ವಿಚಿತ್ರ ಪ್ರಯೋಗ ಮಾಡಿದರು. ತೌಡಿನಷ್ಟೇ ಗಾತ್ರಕ್ಕೆ ಪ್ಲಾಸ್ಟಿಕ್ ಚೂರು ಕತ್ತರಿಸಿ ಜನರಿಗೆ ನುಂಗಲು ಕೊಟ್ಟರು. ತೌಡು ಮಾಡುವ ಕೆಲಸವನ್ನೇ ಪ್ಲಾಸ್ಟಿಕ್ಕೂ ಮಾಡಿತು. ಅಂದರೆ ಇಲ್ಲಿ ಮುಖ್ಯವಾದದ್ದು ಒರಟುತನ. ಅದಕ್ಕೇ ದಪ್ಪ ತೌಡು ಕೆಲಸ ಮಾಡಿದಷ್ಟು ನುಣ್ಣಗೆ ಪುಡಿ ಮಾಡಿದ ತೌಡು ಮಾಡುವುದಿಲ್ಲ.

ಉಣಿಸುವ ನಾರಿನ ಕತೆ ಬೇರೆ. ದೊಡ್ಡ ಕರುಳಿನಲ್ಲಿ ಕೋಟಿ ಕೋಟಿ ಬ್ಯಾಕ್ಟೀರಿಯಾಗಳಿವೆ. ಮೇಲಿನಿಂದ ಬರುವ ಎಂಜಲೇ ಅವುಗಳ ಊಟ. ಸಣ್ಣ ಕರುಳು ಸಕ್ಕರೆ, ಎಣ್ಣೆ, ಸುಲಭದ ಪಿಷ್ಟ ಎಲ್ಲವನ್ನೂ ಮೊದಲೇ ಹೀರಿಕೊಂಡಿರುತ್ತದೆ. ಬ್ಯಾಕ್ಟೀರಿಯಾಗಳ ಪಾಲಿಗೆ ಉಳಿಯುವುದು ನಾರು, ಮತ್ತು ಜೀರ್ಣವಾಗದೆ ತಪ್ಪಿಸಿಕೊಂಡು ಬಂದ ಪಿಷ್ಟ. ಈ ಪಿಷ್ಟಕ್ಕೇ ರೆಸಿಸ್ಟೆಂಟ್ ಸ್ಟಾರ್ಚ್ ಅನ್ನುತ್ತಾರೆ. ಜೀರ್ಣಕ್ಕೆ ಜಗ್ಗದ ಪಿಷ್ಟ ಅಂತ ಅರ್ಥ ಮಾಡಿಕೊಳ್ಳಿ. 1982ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಹಾನ್ಸ್ ಇಂಗ್ಲಿಸ್ಟ್ ಮತ್ತು ಜೊತೆಗಾರರು ಇದಕ್ಕೆ ಈ ಹೆಸರಿಟ್ಟರು.

ಬ್ಯಾಕ್ಟೀರಿಯಾಗಳು ಇದನ್ನು ಹುದುಗಿಸುತ್ತವೆ. ನಮ್ಮ ದೋಸೆ ಹಿಟ್ಟು ಹುದುಗಿದಂತೆಯೇ ಗ್ಯಾಸೂ ಬರುತ್ತದೆ, ಹುಳಿಯೂ ಬರುತ್ತದೆ. ಆ ಹುಳಿಗಳಲ್ಲಿ ಮುಖ್ಯವಾದವು ಮೂರು: ಅಸಿಟೇಟ್, ಪ್ರೊಪಿಯೋನೇಟ್, ಬ್ಯುಟಿರೇಟ್. ಈ ಬ್ಯುಟಿರೇಟೇ ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಊಟ. ಅವಕ್ಕೆ ಬೇಕಾದ ಶಕ್ತಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಇದರಿಂದಲೇ ಬರುತ್ತದೆ. ಒಳಪದರ ಗಟ್ಟಿಯಾಗಿದ್ದರೆ ಕರುಳಿನ ಉರಿಯೂತ ಕಡಿಮೆ. ನಾರು ಸಿಗದೆ ಹಸಿದ ಬ್ಯಾಕ್ಟೀರಿಯಾಗಳು ಕರುಳಿನ ಗೋಡೆಯ ಮೇಲಿನ ಲೋಳೆಯನ್ನೇ ತಿನ್ನಲು ಶುರು ಮಾಡುತ್ತವೆ ಅನ್ನುವುದು 2016ರಲ್ಲಿ ಇಲಿಗಳ ಮೇಲಿನ ಪ್ರಯೋಗದಲ್ಲಿ ಕಂಡುಬಂತು. ಅದನ್ನು ಓದಿದ ಮೇಲೆ ನಾರಿಲ್ಲದ ಊಟ ಅಂದರೆ ನನಗೆ ಬೇರೆಯೇ ಚಿತ್ರ ಕಣ್ಣಿಗೆ ಬರುತ್ತದೆ.

ತುಪ್ಪದಲ್ಲೂ ಬ್ಯುಟಿರೇಟ್ ಇದೆ, ಅದಕ್ಕೆ ತುಪ್ಪ ತಿಂದರೆ ಕರುಳಿಗೆ ಒಳ್ಳೆಯದು ಅಂತ ಈಗ ಬಹಳ ಜನ ಹೇಳುತ್ತಾರೆ. ಇದೆ ನಿಜ. ಆದರೆ ತುಪ್ಪದ ಬ್ಯುಟಿರೇಟ್ ಸಣ್ಣ ಕರುಳಿನಲ್ಲೇ ಹೀರಿಹೋಗುತ್ತದೆ, ದೊಡ್ಡ ಕರುಳಿನವರೆಗೆ ಬರುವುದಿಲ್ಲ. ಅಲ್ಲಿ ಬೇಕಾದ ಬ್ಯುಟಿರೇಟ್ ಅಲ್ಲೇ ತಯಾರಾಗಬೇಕು. ಅದಕ್ಕೆ ನಾರು, ಪಿಷ್ಟವೇ ಕಚ್ಚಾ ಸಾಮಾನು.

ಊಟ ಬದಲಾದರೆ ಇದೆಲ್ಲ ಎಷ್ಟು ಬೇಗ ಬದಲಾಗುತ್ತದೆ? 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆಫ್ರಿಕನ್ ಮೂಲದ 20 ಅಮೆರಿಕನ್ನರು ಮತ್ತು ದಕ್ಷಿಣ ಆಫ್ರಿಕಾದ ಹಳ್ಳಿಯ 20 ಜನರ ಊಟವನ್ನು ಅದಲುಬದಲು ಮಾಡಿದರು. ಅಮೆರಿಕದವರಿಗೆ ದಿನಕ್ಕೆ 55 ಗ್ರಾಂ ನಾರು. ಹಳ್ಳಿಯವರಿಗೆ 12 ಗ್ರಾಂ ನಾರು, ಜೊತೆಗೆ ಜಾಸ್ತಿ ಮಾಂಸ, ಕೊಬ್ಬು. ಬರೀ ಎರಡು ವಾರ. ಅಷ್ಟರಲ್ಲೇ ಅಮೆರಿಕದವರ ಕರುಳಿನಲ್ಲಿ ಬ್ಯುಟಿರೇಟ್ ಎರಡೂವರೆ ಪಟ್ಟಾಗಿತ್ತು, ಉರಿಯೂತ ಇಳಿದಿತ್ತು. ಹಳ್ಳಿಯವರ ಕರುಳಿನಲ್ಲಿ ಬ್ಯುಟಿರೇಟ್ ಅರ್ಧಕ್ಕೆ ಇಳಿದಿತ್ತು. ಅಮ್ಮ ಮುದ್ದೆ ಬಿಟ್ಟು ಎರಡು ತಿಂಗಳಾಗಿತ್ತಲ್ಲ, ನನಗೆ ಆ ಹಳ್ಳಿಯವರೇ ನೆನಪಾದರು.

ಮೊದಲ ಹೆಜ್ಜೆ: ಒಂದು ವಾರ ಏನೂ ಬದಲಿಸಬೇಡಿ, ಬರೆದಿಡಿ

ಒಂದು ಸಣ್ಣ ನೋಟ್‌ಬುಕ್ ತಗೊಳ್ಳಿ. ದಿನಾಂಕ, ಹೊರಕಡೆ ಹೋದ ಸಮಯ, ತಿಣುಕಬೇಕಾಯಿತಾ ಇಲ್ಲವಾ, ಪೂರ್ತಿ ಹೋಯ್ತು ಅನ್ನಿಸಿತಾ, ನೀರು ಎಷ್ಟು ಲೋಟ. ಇಷ್ಟು ಸಾಕು. ಜೊತೆಗೆ ಒಂದು ನಂಬರ್. ಬ್ರಿಟನ್ನಿನ ಬ್ರಿಸ್ಟಲ್ ನಗರದ ವೈದ್ಯರು ಮಲದ ರೂಪ ನೋಡಿ ಏಳು ನಂಬರ್ ಕೊಟ್ಟಿದ್ದಾರೆ. ನಮ್ಮ ಮಾತಲ್ಲಿ ಹೇಳುವುದಾದರೆ ಹೀಗೆ: 1 ಅಂದರೆ ಮೇಕೆ ಹಿಕ್ಕೆ. 2, ಗಂಟುಗಂಟಾದ ಗಟ್ಟಿ ಕಡ್ಡಿ. 3, ಮೇಲೆ ಬಿರುಕಿರುವ ಕಡ್ಡಿ. 4, ಬಾಳೆಹಣ್ಣಿನ ಹಾಗೆ ನಯ. 5, ಮೆತ್ತನೆಯ ತುಂಡುಗಳು. 6, ಅಂಬಲಿ. 7, ಬರೀ ನೀರು. ಮೂರು, ನಾಲ್ಕು ಬಂದರೆ ಕರುಳು ಚೆನ್ನಾಗಿದೆ. ಒಂದು, ಎರಡು ಬರುತ್ತಿದ್ದರೆ ಮಲಬದ್ಧತೆ.

ದಿನಾ ಬೆಳಗ್ಗೆ ಹೋಗಲೇಬೇಕು ಅನ್ನುವ ನಿಯಮವೇನೂ ಇಲ್ಲ. ದಿನಕ್ಕೆ ಮೂರು ಸಲದಿಂದ ವಾರಕ್ಕೆ ಮೂರು ಸಲದವರೆಗೂ ಸಹಜವೇ, ತ್ರಾಸ ಇಲ್ಲದಿದ್ದರೆ. ಇದು ಗೊತ್ತಿಲ್ಲದೆ ಎಷ್ಟು ಜನ ಹಿರಿಯರು ಒಂದು ದಿನ ತಪ್ಪಿದ ಕೂಡಲೇ ಭೇದಿ ಮಾತ್ರೆ ನುಂಗುತ್ತಾರೆ, ನೋಡಿದರೆ ಬೇಜಾರಾಗುತ್ತದೆ.

ಊಟ ಒಳಗೆ ಎಷ್ಟು ಹೊತ್ತು ಇರುತ್ತದೆ ಅಂತ ನೋಡುವ ಸುಲಭ ದಾರಿಯೂ ಇದೆ. ಒಂದು ರಾತ್ರಿ ಬೇಯಿಸಿದ ಮುಸುಕಿನ ಜೋಳ ತಿನ್ನಿ. ಅದರ ಸಿಪ್ಪೆ ಜೀರ್ಣವಾಗುವುದಿಲ್ಲ, ಕಣ್ಣಿಗೆ ಕಾಣುತ್ತದೆ. ಯಾವಾಗ ಕಂಡಿತು ಅಂತ ಬರೆದುಕೊಳ್ಳಿ. ಒಂದರಿಂದ ಮೂರು ದಿನದೊಳಗೆ ಆದರೆ ಸರಿ. ಅಮ್ಮನಿಗೆ ನಾಲ್ಕನೇ ದಿನ ಕಂಡಿತ್ತು.

ಎರಡನೇ ಹೆಜ್ಜೆ: ತಟ್ಟೆಯಲ್ಲಿ ನಾರು ಎಷ್ಟಿದೆ?

ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2019ರಲ್ಲಿ ಬಂದ ಒಂದು ದೊಡ್ಡ ಸಮೀಕ್ಷೆ ಹಿಂದಿನ ಎಷ್ಟೋ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿತು. ದಿನಕ್ಕೆ 25ರಿಂದ 29 ಗ್ರಾಂ ತಿನ್ನುವವರಲ್ಲಿ ಹೃದ್ರೋಗ, ಸಕ್ಕರೆ ಕಾಯಿಲೆ, ದೊಡ್ಡ ಕರುಳಿನ ಕ್ಯಾನ್ಸರ್ ಕಡಿಮೆ ಇರುವುದು ಕಂಡಿತು.

ನಮ್ಮ ಮನೆಯ ಆಗಿನ ಊಟದ ಲೆಕ್ಕ ಹಾಕಿದೆ. ಪಾಲಿಶ್ ಮಾಡಿದ ಅಕ್ಕಿ 100 ಗ್ರಾಂನಲ್ಲಿ ನಾರು 3 ಗ್ರಾಂ ಕೂಡ ಇಲ್ಲ. ಎರಡು ಹೊತ್ತು ಅನ್ನ, ಮೂರು ಇಡ್ಲಿ, ತೊಗರಿಬೇಳೆ ಸಾರು, ಒಂದು ಸೌಟು ಪಲ್ಯ, ನಾಲ್ಕು ಬಿಸ್ಕತ್ತು. ಎಲ್ಲ ಕೂಡಿಸಿದರೆ 15 ಗ್ರಾಂ ಆಸುಪಾಸು. ಊರಲ್ಲಿ ಅಮ್ಮನಿಗೆ ಬರೀ ಎರಡು ಮುದ್ದೆಯಲ್ಲೇ ಅದಕ್ಕಿಂತ ಜಾಸ್ತಿ ಸಿಗುತ್ತಿತ್ತು. ರಾಗಿಯಲ್ಲಿ 100 ಗ್ರಾಂಗೆ ಸುಮಾರು 11 ಗ್ರಾಂ ನಾರಿದೆ. ಜೋಳದಲ್ಲಿ 10. ಹೆಸರುಕಾಳಿನಲ್ಲಿ 17. ಕಡಲೆಕಾಳಿನಲ್ಲಿ 25. ಸೀಬೆಹಣ್ಣಿನಲ್ಲಿ 8ಕ್ಕಿಂತ ಜಾಸ್ತಿ. ಬಾಳೆಹಣ್ಣಿನಲ್ಲಿ ಬರೀ 2. ಮಲಬದ್ಧತೆ ಅಂದ ಕೂಡಲೇ ಎಲ್ಲರೂ ಬಾಳೆಹಣ್ಣು ಅನ್ನುತ್ತಾರೆ. ನಾನಾದರೆ ಸೀಬೆಹಣ್ಣು ಅನ್ನುತ್ತೇನೆ.

ಒಂದು ಎಚ್ಚರಿಕೆ. ರಾಗಿ ಹಿಟ್ಟು ಬೆಳ್ಳಗೆ ನುಣ್ಣಗೆ ಇರಲಿ ಅಂತ ಸಣ್ಣ ಕಣ್ಣಿನ ಜರಡಿ ಹಿಡಿದು ಹೊಟ್ಟು ಎಸೆದರೆ ಈ ಲೆಕ್ಕ ಕೆಡುತ್ತದೆ. ಅರ್ಧ ನಾರು ಆ ಹೊಟ್ಟಿನಲ್ಲೇ ಹೋಗಿಬಿಡಬಹುದು. ಗಿರಣಿಯಲ್ಲಿ ಬೀಸಿಸಿದ್ದನ್ನು ಹಾಗೇ ಬಳಸಿ.

ಮೂರನೇ ಹೆಜ್ಜೆ: ವಾರಕ್ಕೆ ಒಂದೇ ಬದಲಾವಣೆ

ನಾನು ತಪ್ಪಿದ್ದು ಇಲ್ಲೇ. ಕರುಳಿನ ಬ್ಯಾಕ್ಟೀರಿಯಾಗಳು ಬರುವ ಊಟಕ್ಕೆ ತಕ್ಕಂತೆ ಬೆಳೆಯುತ್ತವೆ, ಸೊರಗುತ್ತವೆ. ತಿಂಗಳುಗಟ್ಟಲೆ ನಾರು ಕಾಣದ ಹೊಟ್ಟೆಗೆ ಒಂದೇ ದಿನ 20 ಗ್ರಾಂ ಹಾಕಿದರೆ ಗ್ಯಾಸ್, ಉಬ್ಬರ, ಹೊಟ್ಟೆನೋವು ಖಂಡಿತ. ಆಗ ಜನ "ನಂಗೆ ನಾರು ಆಗಿಬರಲ್ಲ" ಅಂತ ಬಿಟ್ಟೇ ಬಿಡುತ್ತಾರೆ. ವಾರಕ್ಕೆ 3ರಿಂದ 5 ಗ್ರಾಂ ಏರಿಸಿ ಸಾಕು. ಐದಾರು ವಾರದಲ್ಲಿ 30 ಗ್ರಾಂ ಮುಟ್ಟುತ್ತೀರಿ.

ನಮ್ಮ ಮನೆಯಲ್ಲಿ ಹೀಗೆ ಆಯಿತು. ಬದಲಾವಣೆ ಶುರು ಮಾಡಿದ ಮೊದಲ ವಾರ ರಾತ್ರಿ ಅನ್ನದ ಬದಲು ಅರ್ಧ ಮುದ್ದೆ. ಎರಡನೇ ವಾರ ಸಂಜೆ ಬಿಸ್ಕತ್ತಿನ ಬದಲು ಸೀಬೆಹಣ್ಣು, ಸಿಪ್ಪೆ ಸಮೇತ. ಅಮ್ಮನಿಗೆ ಹಲ್ಲು ಕಡಿಮೆ, ಅದಕ್ಕೆ ಚೆನ್ನಾಗಿ ಹಣ್ಣಾಗಿದ್ದನ್ನು ಹುಡುಕಿ ತರುತ್ತಿದ್ದೆ. ಮೂರನೇ ವಾರ ಹೆಸರುಕಾಳು ಉಸಲಿ, ದಿನ ಬಿಟ್ಟು ದಿನ. ನಾಲ್ಕನೇ ವಾರ ಒಂದು ಹೊತ್ತಿಗೆ ಬಸ್ಸಾರು, ಅದರ ಪಲ್ಯ ಒಂದು ಬಟ್ಟಲು. ಐದನೇ ವಾರ ಅರ್ಧ ಮುದ್ದೆ ಪೂರ್ತಿ ಮುದ್ದೆಯಾಯಿತು. ಆ ಹೊತ್ತಿಗೆ ನೋಟ್‌ಬುಕ್ಕಿನಲ್ಲಿ ನಂಬರ್ 3 ಕಾಣಿಸಿಕೊಂಡಿತ್ತು.

ನಿಮ್ಮ ಕಡೆಯ ಊಟ ಬೇರೆ ಇದ್ದರೆ ಅದರಲ್ಲೇ ಹುಡುಕಿ. ಉತ್ತರ ಕರ್ನಾಟಕದ ತಟ್ಟೆ ನನಗೆ ಬಹಳ ಇಷ್ಟ. ಜೋಳದ ರೊಟ್ಟಿ, ಮಡಿಕೆಕಾಳು ಪಲ್ಯ, ಪಕ್ಕದಲ್ಲಿ ಹಸಿ ಮೆಂತ್ಯ ಸೊಪ್ಪು, ಸೌತೆಕಾಯಿ, ಉಳ್ಳಾಗಡ್ಡಿ. ಗುಡಿಸುವುದೂ ಉಣಿಸುವುದೂ ಒಂದೇ ಊಟದಲ್ಲಿ ಆಗಿಹೋಗುತ್ತದೆ. ಕರಾವಳಿಯವರಿಗೆ ಕುಚ್ಚಲಕ್ಕಿ, ಹುರುಳಿ ಸಾರು, ಬಸಳೆ ಇದೆ. ಹೊರದೇಶದಲ್ಲಿರುವವರು ರಾಗಿ ಸಿಗಲಿಲ್ಲ ಅಂತ ಕೊರಗಬೇಕಿಲ್ಲ. ಓಟ್ಸ್, ಡಬ್ಬಿಯ ರಾಜ್ಮಾ, ಕಾಬೂಲಿ ಕಡಲೆ ಇದೇ ಕೆಲಸ ಮಾಡುತ್ತವೆ.

ಕಾಳು ಗ್ಯಾಸ್ ಮಾಡುತ್ತದೆ ಅನ್ನುವವರು ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಮೆತ್ತಗೆ ಬೇಯಿಸಿ. ಗ್ಯಾಸ್ ಮಾಡುವ ಸಕ್ಕರೆಗಳು ಸ್ವಲ್ಪ ಮಟ್ಟಿಗೆ ನೆನೆಸಿದ ನೀರಿನ ಜೊತೆ ಹೋಗುತ್ತವೆ. ಮೊದಲು ಎರಡು ಚಮಚದಷ್ಟೇ ತಿನ್ನಿ. ಸ್ವಲ್ಪ ಗ್ಯಾಸ್ ಬಂದರೆ ಹೆದರಬೇಡಿ, ಅದು ಒಳಗೆ ಹುದುಗುವ ಕೆಲಸ ನಡೆದಿದೆ ಅನ್ನುವ ಗುರುತು. ನೋವು ಬಂದರೆ ಮಾತ್ರ ಹಿಂದಿನ ವಾರದ ಅಳತೆಗೆ ವಾಪಸ್ ಹೋಗಿ.

ಬಾಳೆದಿಂಡಿನ ಬಗ್ಗೆ ಒಂದು ಮಾತು ಹೇಳಲೇಬೇಕು. ದಿಂಡನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ಯುವಾಗ ಎರಡು ಬಿಲ್ಲೆಗಳ ನಡುವೆ ರೇಷ್ಮೆಯಂಥ ಎಳೆಗಳು ಜಗ್ಗುತ್ತವೆ. ಅಮ್ಮ ಅವನ್ನು ತೋರುಬೆರಳಿಗೆ ಸುತ್ತಿ ಸುತ್ತಿ ತೆಗೆಯುತ್ತಾಳೆ. ಐದಾರು ಬಿಲ್ಲೆ ಆಗುವಷ್ಟರಲ್ಲಿ ಬೆರಳಿಗೆ ಉಂಗುರದ ಹಾಗೆ ನಾರು ಕೂತಿರುತ್ತದೆ. ಕೊಯ್ದ ಚೂರುಗಳನ್ನು ಕಪ್ಪಾಗದಿರಲಿ ಅಂತ ಮಜ್ಜಿಗೆ ನೀರಿಗೆ ಹಾಕುತ್ತಾಳೆ. "ನಾರು ಬೇಕು ಅಂತೀಯ, ಇದನ್ನ ಯಾಕೆ ತೆಗೀಬೇಕು?" ಅಂತ ಒಮ್ಮೆ ಕೇಳಿದಳು. ಆ ಉದ್ದ ಎಳೆ ಬಾಯಲ್ಲಿ ಅಗಿಯಲು ಬಾರದು, ಗಂಟಲಿಗೆ ಸಿಕ್ಕುತ್ತದೆ. ಅದನ್ನು ತೆಗೆದ ಮೇಲೂ ಚೂರಿನಲ್ಲಿ ಬೇಕಾದಷ್ಟು ನಾರು ಉಳಿದಿರುತ್ತದೆ. ಕೋಸಂಬರಿಗೆ, ಪಲ್ಯಕ್ಕೆ ಎರಡಕ್ಕೂ ಆಗುತ್ತದೆ.

ನೀರು

ನಾರು ನೀರು ಹಿಡಿದುಕೊಂಡರೆ ಮಾತ್ರ ಮಲ ಮೆತ್ತಗಾಗುತ್ತದೆ. ನೀರಿಲ್ಲದ ನಾರು ಒಣ ಹುಲ್ಲಿನ ಪಿಂಡಿ ಇದ್ದ ಹಾಗೆ. ದಿನಕ್ಕೆ ಎಂಟು ಲೋಟ ಆಗಲಿ, ಮಜ್ಜಿಗೆ, ಅಂಬಲಿ, ತಿಳಿಸಾರು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ರಾತ್ರಿ ಏಳುವುದು ಕಷ್ಟ ಅನ್ನುವ ಹಿರಿಯರಿಗೆ ಸಂಜೆ ಆರರೊಳಗೆ ಹೆಚ್ಚಿನ ಪಾಲು ಕುಡಿಸಿ. ಕಿಡ್ನಿ ಅಥವಾ ಹೃದಯದ ತೊಂದರೆಯಿಂದ ನೀರಿಗೆ ಮಿತಿ ಹಾಕಿಸಿಕೊಂಡವರು ಡಾಕ್ಟರ್ ಹೇಳಿದಷ್ಟೇ ಕುಡಿಯಬೇಕು.

ನಾಲ್ಕನೇ ಹೆಜ್ಜೆ: ಜಗ್ಗದ ಪಿಷ್ಟವನ್ನು ಅಡುಗೆಮನೆಯಲ್ಲೇ ಹೆಚ್ಚಿಸುವುದು

ಪಿಷ್ಟ ಜೀರ್ಣಕ್ಕೆ ಜಗ್ಗದೆ ಇರಲು ಕಾರಣಗಳು ಬೇರೆ ಬೇರೆ. ಇಡೀ ಕಾಳಿನಲ್ಲಿ ಪಿಷ್ಟ ಗಟ್ಟಿ ಗೋಡೆಯೊಳಗೆ ಅಡಗಿ ಕೂತಿರುತ್ತದೆ. ಅದಕ್ಕೇ ಹಿಟ್ಟು ಮಾಡಿದ ಕಡಲೆಗಿಂತ ಇಡೀ ಕಡಲೆಕಾಳು ಒಳ್ಳೆಯದು. ಹಸಿ ಬಾಳೆಕಾಯಿಯಲ್ಲಿ ಪಿಷ್ಟದ ಹರಳೇ ಬಿಗಿಯಾಗಿರುತ್ತದೆ. ಇನ್ನು ಮೂರನೆಯದು ಬೇಯಿಸಿ ಆರಿಸಿದ್ದು. ಅನ್ನ ಬೇಯುವಾಗ ಪಿಷ್ಟ ನೀರು ಕುಡಿದು ಉಬ್ಬಿ ಬಿಚ್ಚಿಕೊಳ್ಳುತ್ತದೆ. ತಣ್ಣಗಾದಾಗ ಸ್ವಲ್ಪ ಭಾಗ ಮತ್ತೆ ಹೆಣೆದುಕೊಂಡು ಗಟ್ಟಿಯಾಗುತ್ತದೆ. ತಂಗಳನ್ನ ಉದುರುದುರಾಗುವುದು ಇದರಿಂದಲೇ. ಹೀಗೆ ಹೆಣೆದುಕೊಂಡ ಭಾಗವನ್ನು ನಮ್ಮ ಜೀರ್ಣರಸ ಸುಲಭವಾಗಿ ಬಿಡಿಸಲಾರದು. ಮತ್ತೆ ಬಿಸಿ ಮಾಡಿದರೂ ಬಹಳಷ್ಟು ಹಾಗೇ ಉಳಿಯುತ್ತದೆ.

ಎಷ್ಟು ಹೆಚ್ಚುತ್ತದೆ? 2015ರ ಒಂದು ಇಂಡೋನೇಷ್ಯಾ ಅಧ್ಯಯನದಲ್ಲಿ ಬಿಸಿ ಬಿಳಿ ಅನ್ನದಲ್ಲಿ 100 ಗ್ರಾಂಗೆ 0.64 ಗ್ರಾಂ ಜಗ್ಗದ ಪಿಷ್ಟ ಇತ್ತು. 24 ಗಂಟೆ ಫ್ರಿಜ್ಜಿನಲ್ಲಿಟ್ಟು ಬಿಸಿ ಮಾಡಿದ ಅನ್ನದಲ್ಲಿ 1.65 ಗ್ರಾಂ. ಎರಡೂವರೆ ಪಟ್ಟು ಅಂದರೆ ದೊಡ್ಡದಾಗಿ ಕೇಳುತ್ತದೆ, ಆದರೆ ಸಿಕ್ಕಿದ್ದು ಒಂದು ಗ್ರಾಂ ಜಾಸ್ತಿ. ಹಾಗಾಗಿ ಬರೀ ತಂಗಳನ್ನ ತಿಂದು ಎಲ್ಲ ಸರಿಹೋಗುತ್ತದೆ ಅಂತ ನಂಬಬೇಡಿ. ಇದು ಕಾಳು, ಸೊಪ್ಪು, ಮುದ್ದೆಯ ಮೇಲೆ ಸಿಗುವ ಕೊಸರು.

ಅನ್ನ ಆರಿಸುವ ರೀತಿ ಮಾತ್ರ ಸರಿಯಾಗಿರಬೇಕು. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಣಗಳಿರುತ್ತವೆ. ಬೇಯಿಸಿದರೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಕುಕ್ಕರಿನಲ್ಲೇ ಗಂಟೆಗಟ್ಟಲೆ ಕೂತರೆ ಅವು ಬೆಳೆದು ವಿಷ ಬಿಡುತ್ತವೆ. ವಾಂತಿ ಬರಿಸುವ ಆ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ಅದಕ್ಕೆ ಹೀಗೆ ಮಾಡಿ. ಅನ್ನ ಆದ ಕೂಡಲೇ ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ಹರಡಿ. ಹಬೆ ಹೋಗಲಿ. ಒಂದು ಗಂಟೆಯೊಳಗೆ ಡಬ್ಬಿಗೆ ಹಾಕಿ, ಮುಚ್ಚಿ, ಫ್ರಿಜ್ಜಿಗೆ ಇಡಿ. ಮಾರನೇ ದಿನದೊಳಗೆ ಮುಗಿಸಿ. ಬಿಸಿ ಮಾಡುವುದಾದರೆ ಹಬೆ ಏಳುವವರೆಗೆ, ಒಂದೇ ಸಲ. ಉಳಿದಿದ್ದನ್ನು ಮತ್ತೆ ಇಡಬೇಡಿ. ನಾವು ಇದಕ್ಕೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡುತ್ತೇವೆ, ಇಲ್ಲ ಮೊಸರು ಕಲಸುತ್ತೇವೆ.

ರಾತ್ರಿ ಅನ್ನಕ್ಕೆ ನೀರು ಹಾಕಿಟ್ಟು ಬೆಳಗ್ಗೆ ಮಜ್ಜಿಗೆ, ಈರುಳ್ಳಿ, ಹಸಿಮೆಣಸಿನಕಾಯಿ ಜೊತೆ ಉಣ್ಣುವ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಇದ್ದೇ ಇದೆ. ನನಗೂ ಅದು ಪ್ರಾಣ. ಆದರೆ ಬೇಸಿಗೆಯಲ್ಲಿ, ಮನೆಯಲ್ಲಿ ಬಸುರಿಯರು, ಎಳೆ ಮಕ್ಕಳು, ವಯಸ್ಸಾದವರು ಇದ್ದರೆ ಫ್ರಿಜ್ಜಿನ ದಾರಿಯೇ ಕ್ಷೇಮ.

ಬೇಯಿಸಿದ ಆಲೂಗಡ್ಡೆಯೂ ಹೀಗೇ. ಬೆಳಗ್ಗೆ ಬೇಯಿಸಿ ಫ್ರಿಜ್ಜಿನಲ್ಲಿಟ್ಟು ಸಂಜೆ ಪಲ್ಯ ಮಾಡಿ.

ಬಾಳೆಕಾಯಿಯ ವಿಷಯದಲ್ಲಿ ಒಂದು ಗೊಂದಲ ಬಿಡಿಸಬೇಕು. ಹಸಿರು ಬಾಳೆಕಾಯಿಯ ಪಿಷ್ಟದಲ್ಲಿ ಹೆಚ್ಚಿನ ಪಾಲು ಜಗ್ಗದ್ದು. ಹಣ್ಣಾಗುತ್ತಾ ಹೋದಂತೆ ಅದೇ ಸಕ್ಕರೆಯಾಗುತ್ತದೆ. ಆದರೆ ಬಾಳೆಕಾಯಿಯನ್ನು ಬೇಯಿಸಿದರೂ ಆ ಹರಳು ಒಡೆದುಹೋಗುತ್ತದೆ, ಆರಿದ ಮೇಲೆ ಸ್ವಲ್ಪ ವಾಪಸ್ ಬರುತ್ತದೆ. ಅಂದರೆ ಬಿಸಿ ಬಾಳೆಕಾಯಿ ಪಲ್ಯಕ್ಕಿಂತ ಆರಿದ ಪಲ್ಯ ವಾಸಿ. 2021ರಲ್ಲಿ ನಮ್ಮ ಮಲೆನಾಡು, ಕರಾವಳಿಯ ಮನೆಗಳಲ್ಲಿ ಬಾಳೆಕಾಯಿ ಹುಡಿ ಮಾಡುವ ಚಳವಳಿಯೇ ನಡೆಯಿತು. 'ಬಾಕಾಹು' ಅಂತ ಅದಕ್ಕೆ ಹೆಸರೂ ಬಿತ್ತು. ಬಾಳೆಕಾಯಿಯನ್ನು ತೆಳ್ಳಗೆ ಹೆಚ್ಚಿ, ಚೆನ್ನಾಗಿ ಒಣಗಿಸಿ, ಹುಡಿ ಮಾಡುವುದು. ಆ ಹುಡಿಯಿಂದ ರೊಟ್ಟಿ, ದೋಸೆ ಎಲ್ಲ ಚೆನ್ನಾಗಿ ಬರುತ್ತದೆ. ಆದರೆ ಜಗ್ಗದ ಪಿಷ್ಟ ಪೂರ್ತಿ ಬೇಕು ಅಂದರೆ ಶುಚಿಯಾಗಿ ಒಣಗಿಸಿದ ಹುಡಿಯನ್ನು ತಣ್ಣನೆ ಮಜ್ಜಿಗೆಗೆ ಕದಡಿ ಕುಡಿಯಬೇಕು. ಒಂದು ಟೀ ಚಮಚದಿಂದ ಶುರು ಮಾಡಿ. ಅಮ್ಮನಿಗೆ ಈ ಮಜ್ಜಿಗೆ ಹಿಡಿಸಲಿಲ್ಲ. ಸೀಮೆಸುಣ್ಣ ಕದಡಿದ ಹಾಗಿದೆ ಅಂದಳು, ಬಿಟ್ಟೆವು.

ಈ ಪಿಷ್ಟ ಕ್ಯಾನ್ಸರ್ ತಡೆಯುತ್ತದೆ ಅನ್ನುವ ಮಾತೂ ಓಡಾಡುತ್ತದೆ. ಅದರ ಹಿಂದಿನ ಸತ್ಯ ಇಷ್ಟು. ಲಿಂಚ್ ಸಿಂಡ್ರೋಮ್ ಅಂತ ಒಂದಿದೆ, ವಂಶದಲ್ಲಿ ಬರುವುದು, ಕ್ಯಾನ್ಸರ್ ಅಪಾಯ ಬಹಳ ಜಾಸ್ತಿ. ಅಂಥ ಸುಮಾರು ಸಾವಿರ ಜನರನ್ನು ಬ್ರಿಟನ್ನಿನ ನ್ಯೂಕಾಸಲ್‌ನ ವೈದ್ಯರು ಮತ್ತು ಅವರ ಜೊತೆಗಾರರು ಪರೀಕ್ಷೆಗೆ ಸೇರಿಸಿಕೊಂಡರು. ಕೆಲವರಿಗೆ ದಿನಕ್ಕೆ 30 ಗ್ರಾಂ ಪಿಷ್ಟದ ಪುಡಿ ಕೊಟ್ಟರು, ಹೆಚ್ಚಿನವರಿಗೆ ಎರಡು ವರ್ಷದವರೆಗೆ. 2022ರಲ್ಲಿ ಬಂದ ಫಲಿತಾಂಶದಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಕಡಿಮೆಯಾಗಿರಲಿಲ್ಲ. ಅದನ್ನು ಬಿಟ್ಟು ಲಿಂಚ್‌ಗೆ ಸೇರಿದ ಬೇರೆ ಕ್ಯಾನ್ಸರ್‌ಗಳು ಸುಮಾರು ಅರ್ಧದಷ್ಟು ತಗ್ಗಿದ್ದವು. ಒಳ್ಳೆಯ ಸುದ್ದಿಯೇ. ಆದರೆ ಅದು ಆ ಸಿಂಡ್ರೋಮ್ ಇರುವವರ ಮೇಲೆ ನಡೆದದ್ದು. ನಮಗೆಲ್ಲ ಹಾಗೇ ಆಗುತ್ತದೆ ಅನ್ನಲು ಬರುವುದಿಲ್ಲ.

ಒಬ್ಬರಿಗೆ ಚೆನ್ನಾಗಿ ಹಿಡಿಸಿದ್ದು ಇನ್ನೊಬ್ಬರಿಗೆ ಹಿಡಿಸದೆ ಇರಬಹುದು. ಈ ಪಿಷ್ಟವನ್ನು ಮೊದಲು ಒಡೆಯಲು ರುಮಿನೋಕಾಕಸ್ ಬ್ರೋಮಿ ಅನ್ನುವ ಬ್ಯಾಕ್ಟೀರಿಯಾ ಬೇಕು. ಅದು ಒಡೆದು ಕೊಟ್ಟ ಮೇಲೆ ಉಳಿದವು ತಿನ್ನುತ್ತವೆ. ಎಲ್ಲರ ಕರುಳಲ್ಲೂ ಅದು ಒಂದೇ ಪ್ರಮಾಣದಲ್ಲಿ ಇರುವುದಿಲ್ಲ. ಹಾಗಾಗಿ ಒಂದೇ ಪದಾರ್ಥಕ್ಕೆ ಜೋತುಬೀಳದೆ ಕಾಳು, ತಂಗಳು, ಬಾಳೆಕಾಯಿ, ಸೊಪ್ಪು ಎಲ್ಲವನ್ನೂ ಬದಲಾಯಿಸುತ್ತಾ ತಿನ್ನಿ.

ಇಸಬ್ಗೋಲ್ ಯಾವಾಗ?

ಊಟ ಸರಿಮಾಡಿ ಐದಾರು ವಾರವಾದರೂ ನಂಬರ್ 2ರಲ್ಲೇ ನಿಂತಿದ್ದರೆ ಇಸಬ್ಗೋಲ್ ತಗೊಳ್ಳಬಹುದು. ಗುಜರಾತ್, ರಾಜಸ್ಥಾನದಲ್ಲಿ ಬೆಳೆಯುವ ಒಂದು ಗಿಡದ ಬೀಜದ ಹೊಟ್ಟು ಅದು. ನೀರು ಕುಡಿದು ಲೋಳೆಯಾಗುತ್ತದೆ, ಆದರೆ ಬ್ಯಾಕ್ಟೀರಿಯಾ ಅದನ್ನು ಹೆಚ್ಚು ಹುದುಗಿಸುವುದಿಲ್ಲ. ಹಾಗಾಗಿ ಗ್ಯಾಸ್ ಕಡಿಮೆ. ಒಂದು ಟೀ ಚಮಚ, ದೊಡ್ಡ ಲೋಟ ತುಂಬ ನೀರು, ಕಲಸಿದ ಕೂಡಲೇ ಕುಡಿಯಬೇಕು. ಮೇಲೆ ಇನ್ನೊಂದು ಲೋಟ ನೀರು. ಒಣದಾಗಿ ಬಾಯಿಗೆ ಹಾಕಿಕೊಳ್ಳಲೇಬೇಡಿ, ಗಂಟಲಲ್ಲಿ ಉಬ್ಬಿ ಕಟ್ಟಿಕೊಂಡರೆ ಜೀವಕ್ಕೇ ಅಪಾಯ. ಮಲಗುವ ಹೊತ್ತಿಗೂ ಬೇಡ. ಬೇರೆ ಮಾತ್ರೆಗಳಿಗೂ ಇದಕ್ಕೂ ಎರಡು ಗಂಟೆ ಅಂತರವಿರಲಿ.

ಕೂರುವ ರೀತಿ

ಮೊಣಕಾಲು ಸೊಂಟಕ್ಕಿಂತ ಮೇಲಿದ್ದರೆ ಮಲ ಸಲೀಸಾಗಿ ಇಳಿಯುತ್ತದೆ. ಅಮ್ಮನಿಗೆ ಮಂಡಿನೋವು, ಕುಕ್ಕರಗಾಲಲ್ಲಿ ಕೂರಲಾಗದು. ಕಮೋಡಿನ ಮುಂದೆ ಒಂದು ಗೇಣು ಎತ್ತರದ ಮಣೆ ಇಟ್ಟೆ, ಕಾಲಿಡಲು. ಇಷ್ಟೇ ಬದಲಾವಣೆ ಅವಳಿಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿತು. ತಿಂಡಿ ತಿಂದ ಅರ್ಧ ಗಂಟೆಯೊಳಗೆ ಕರುಳು ತಾನಾಗಿ ಚುರುಕಾಗುತ್ತದೆ. ಆಗ ಹೋಗಿ ಐದು ನಿಮಿಷ ಕೂತು ನೋಡಿ. ಬರದಿದ್ದರೆ ಎದ್ದು ಬನ್ನಿ. ಮೊಬೈಲ್ ಹಿಡಿದು ಅರ್ಧ ಗಂಟೆ ಕೂತರೆ ಮೂಲವ್ಯಾಧಿಗೆ ದಾರಿ.

ಯಾರು ಡಾಕ್ಟರನ್ನು ಕೇಳದೆ ನಾರು ಹೆಚ್ಚಿಸಬಾರದು?

ಕರುಳಿನ ಆಪರೇಷನ್ ಆದವರು, ಕರುಳು ಎಲ್ಲಾದರೂ ಕಿರಿದಾಗಿದೆ ಅಂತ ಹೇಳಿಸಿಕೊಂಡವರು, ಕ್ರೋನ್ಸ್ ಅಥವಾ ಅಲ್ಸರೇಟಿವ್ ಕೊಲೈಟಿಸ್ ಅನ್ನುವ ಕರುಳಿನ ಉರಿಯೂತದ ಕಾಯಿಲೆ ಕೆರಳಿರುವ ಸಮಯದಲ್ಲಿ ಇರುವವರು. ಹೊಟ್ಟೆ ನಿಧಾನವಾಗಿ ಖಾಲಿಯಾಗುವ ತೊಂದರೆ ಇರುವ ಸಕ್ಕರೆ ಕಾಯಿಲೆಯವರು. ಇವರಿಗೆ ಒರಟು ನಾರು ಒಳಗೆ ಸಿಕ್ಕಿಕೊಳ್ಳುವ ಅಪಾಯವಿದೆ. ಇನ್ಸುಲಿನ್ ಅಥವಾ ಸಕ್ಕರೆ ಮಾತ್ರೆ ತಗೊಳ್ಳುವವರು ಊಟ ಬದಲಾಯಿಸುವಾಗ ಗ್ಲುಕೋಮೀಟರಿನಲ್ಲಿ ಆಗಾಗ ನೋಡಿಕೊಳ್ಳಿ, ಸಕ್ಕರೆ ತೀರಾ ಇಳಿಯಬಾರದು. ಐಬಿಎಸ್, ಅಂದರೆ ಕರುಳು ಪದೇಪದೇ ಕೆರಳಿ ಹೊಟ್ಟೆನೋವು, ಭೇದಿ ಇಲ್ಲವೇ ಮಲಬದ್ಧತೆ ಬರುವ ತೊಂದರೆ, ಇರುವವರಿಗೆ ಗೋಧಿ ತೌಡು, ಕಾಳು, ಈರುಳ್ಳಿ ಹೊಟ್ಟೆನೋವು ಜಾಸ್ತಿ ಮಾಡಬಹುದು, ಇಸಬ್ಗೋಲ್ ಸಾಮಾನ್ಯವಾಗಿ ಒಗ್ಗುತ್ತದೆ.

ಇನ್ನು ಕೆಲವು ಲಕ್ಷಣಗಳಿಗೆ ನಾರು ಉತ್ತರವೇ ಅಲ್ಲ. ಮಲದಲ್ಲಿ ರಕ್ತ. ಡಾಂಬರಿನಂತೆ ಕಪ್ಪು ಮಲ. ಕಾರಣವಿಲ್ಲದೆ ತೂಕ ಇಳಿಯುವುದು. ರಕ್ತ ಕಡಿಮೆಯಾಗಿ ಸುಸ್ತು. 45 ದಾಟಿದವರಲ್ಲಿ ಇದ್ದಕ್ಕಿದ್ದಂತೆ ಅಭ್ಯಾಸ ಬದಲಾಗಿ ವಾರಗಟ್ಟಲೆ ಹಾಗೇ ಇರುವುದು. ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಆಗಿರುವುದು. ಇವುಗಳಲ್ಲಿ ಒಂದಿದ್ದರೂ ಆರು ವಾರ ಕಾಯಬೇಡಿ, ಪೈಲ್ಸ್ ಇರಬೇಕು ಅಂತ ನೀವೇ ಅಂದುಕೊಂಡು ಸುಮ್ನೆ ಕೂರಬೇಡಿ. ಹೊಟ್ಟೆ ಉಬ್ಬಿ, ವಾಂತಿಯಾಗಿ, ಗ್ಯಾಸೂ ಹೋಗದಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ.

ಹೋಗುವಾಗ ಆ ನೋಟ್‌ಬುಕ್ ಜೊತೆಗಿರಲಿ. ಡಾಕ್ಟರ್ ಮುಂದೆ ಕೂತಾಗ ಅಮ್ಮ ಈ ವಿಷಯ ಮಾತಾಡಲು ನಾಚಿ "ಪರವಾಗಿಲ್ಲ" ಅಂದುಬಿಡುತ್ತಿದ್ದಳು. ಎರಡನೇ ಸಲ ಹೋದಾಗ ಸುಮ್ಮನೆ ನೋಟ್‌ಬುಕ್ ಮುಂದಿಟ್ಟಳು. ಡಾಕ್ಟರ್ ಪುಟ ತಿರುಗಿಸಿ ನೋಡಿ, ಅವಳು ದಿನಾ ತಗೊಳ್ಳುತ್ತಿದ್ದ ಕಬ್ಬಿಣದ ಮಾತ್ರೆಯೂ ಹೊಟ್ಟೆ ಕಟ್ಟಿಸುತ್ತದೆ ಅಂತ ಹೇಳಿ ಅದನ್ನು ಬದಲಾಯಿಸಿದರು.